ನಿಯಮದ ಜೊತೆ ಕಾರಣವನ್ನೂ ಕಲಿಸಿದವರು: ಮುಸ್ಲಿಮ್ ಗಣಿತಜ್ಞರ ಬೋಧನಾ ಪರಂಪರೆ

ಗಣಿತವು ಇಂದು ನಮ್ಮ ಅನೇಕ ಮನೆಗಳಲ್ಲಿ ಭಯದ ವಿಷಯವಾಗಿದೆ. ಮಕ್ಕಳು ಸೂತ್ರಗಳನ್ನು ಬಾಯಿಪಾಠ ಮಾಡುತ್ತಾರೆ, ಮಾದರಿ ಲೆಕ್ಕವನ್ನು ನೋಡಿ ಅದೇ ಅಚ್ಚಿನಲ್ಲಿ ಹತ್ತು ಲೆಕ್ಕಗಳನ್ನು ಬಿಡಿಸುತ್ತಾರೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಸ್ವಲ್ಪ ತಿರುಗಿ ಬಂದರೆ ಅವರ ಲೇಖನಿ ನಿಂತುಬಿಡುತ್ತದೆ. "ಇದು ಏಕೆ ಹೀಗೆ?" ಎಂದು ಕೇಳಿದ ಮಗುವಿಗೆ "ಅದು ಹಾಗೆಯೇ ಇದೆ, ಸುಮ್ಮನೆ ಕಲಿತುಕೋ" ಎಂಬ ಉತ್ತರ ಸಿಗುತ್ತದೆ. ಎರಡು ಮೂರು ಸಲ ಇದೇ ಉತ್ತರ ಕೇಳಿದ ಮಗು ಪ್ರಶ್ನಿಸುವುದನ್ನೇ ಬಿಡುತ್ತದೆ. ಕೊನೆಗೆ ಗಣಿತವು ತನ್ನ ತಲೆಗೆ ಹತ್ತುವ ವಿದ್ಯೆಯಲ್ಲ ಎಂಬ ತೀರ್ಮಾನಕ್ಕೆ ಬರುತ್ತದೆ.

ಇನ್ನೊಂದೆಡೆ, ಬೀಜಗಣಿತವು ಮುಸ್ಲಿಮರ ಕೊಡುಗೆ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆ ನಿರಾಧಾರವೇನಲ್ಲ. ಆದರೆ ಆ ವಿದ್ವಾಂಸರು ಗಣಿತವನ್ನು ಹೇಗೆ ಕಲಿಸಿದರು ಎಂಬ ಪ್ರಶ್ನೆಯನ್ನು ನಾವು ಕೇಳುವುದು ತೀರಾ ಅಪರೂಪ. ಅವರ ಗ್ರಂಥಗಳ ರಚನೆಯನ್ನು ಗಮನಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅವರಲ್ಲಿ ಶ್ರೇಷ್ಠರಾದವರು ನಿಯಮವನ್ನು ಹೇಳಿ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಆ ನಿಯಮದ ಕಾರಣವನ್ನೂ ಕಲಿಯುವವರ ಕಣ್ಣ ಮುಂದೆ ಇಡುತ್ತಿದ್ದರು. ಅವರ ಹೆಸರುಗಳಿಗಿಂತ ಈ ಕ್ರಮವೇ ಇಂದು ನಮ್ಮ ಮಕ್ಕಳಿಗೆ ಹೆಚ್ಚು ಅಗತ್ಯವಾದ ಪರಂಪರೆಯಾಗಿದೆ.

ಪಾಲು ಹಂಚಿಕೆಯಲ್ಲಿ ಎದುರಾದ ಪ್ರಶ್ನೆ

ಪವಿತ್ರ ಕುರ್‌ಆನ್ ಮನುಷ್ಯನನ್ನು ಪದೇ ಪದೇ ಚಿಂತನೆಗೆ ಕರೆಯುತ್ತದೆ. ಗಣಿತದ ಮಟ್ಟಿಗೆ ಆ ಕರೆಯು ಅತ್ಯಂತ ನೇರವಾಗಿ ಎದುರಾದುದು ವಾರೀಸು ಹಕ್ಕಿನ ವಿಷಯದಲ್ಲಿ. ಅನ್ನಿಸಾ ಅಧ್ಯಾಯದ 11, 12 ಮತ್ತು 176ನೇ ಸೂಕ್ತಗಳು ಮೃತರ ಆಸ್ತಿಯಲ್ಲಿ ಬಂಧುಗಳ ಪಾಲನ್ನು ನಿಗದಿಪಡಿಸುತ್ತವೆ. ಅರ್ಧ, ಕಾಲು, ಎಂಟನೇ ಒಂದು, ಮೂರನೇ ಎರಡು, ಮೂರನೇ ಒಂದು, ಆರನೇ ಒಂದು ಎಂಬ ಆರು ಭಿನ್ನರಾಶಿಗಳು ಅಲ್ಲಿವೆ. ಈ ಆದೇಶವನ್ನು ಪಾಲಿಸಬೇಕಾದರೆ ಭಿನ್ನರಾಶಿಗಳನ್ನು ಕೂಡಿಸಲು, ಕಳೆಯಲು, ಸಮಛೇದಕ್ಕೆ ತರಲು ಯಾರಾದರೂ ಬಲ್ಲವರಿರಲೇಬೇಕು.

ಕೇವಲ ಲೆಕ್ಕ ಬಂದರೆ ಸಾಲದ ಸಂದರ್ಭವೂ ಬೇಗನೆ ಎದುರಾಯಿತು. ಖಲೀಫಾ ಉಮರ್(ರ) ಅವರ ಕಾಲದಲ್ಲಿ ಒಬ್ಬ ಮಹಿಳೆ ಪತಿಯನ್ನೂ ಇಬ್ಬರು ಸಹೋದರಿಯರನ್ನೂ ಬಿಟ್ಟು ಮೃತಳಾದ ಪ್ರಕರಣವನ್ನು ಕರ್ಮಶಾಸ್ತ್ರದ ಪರಂಪರೆಯು ಉಲ್ಲೇಖಿಸುತ್ತದೆ. ಪತಿಯ ಪಾಲು ಅರ್ಧ, ಸಹೋದರಿಯರ ಪಾಲು ಮೂರನೇ ಎರಡು. ಆಸ್ತಿಯನ್ನು ಆರು ಭಾಗ ಮಾಡಿದರೆ ಪತಿಗೆ ಮೂರು, ಸಹೋದರಿಯರಿಗೆ ನಾಲ್ಕು ಭಾಗ ಬೇಕು, ಒಟ್ಟು ಏಳು. ಇರುವುದು ಆರೇ ಭಾಗ! ಉಮರ್(ರ) ಸಹಾಬಿಗಳೊಂದಿಗೆ ಸಮಾಲೋಚಿಸಿದರು. ಸಾಲಗಾರನ ಆಸ್ತಿಯು ಎಲ್ಲ ಸಾಲಕ್ಕೆ ಸಾಲದಿದ್ದಾಗ ಸಾಲ ಕೊಟ್ಟವರೆಲ್ಲರೂ ತಮ್ಮ ತಮ್ಮ ಪ್ರಮಾಣಕ್ಕೆ ತಕ್ಕಂತೆ ಕಡಿತವನ್ನು ಹಂಚಿಕೊಳ್ಳುವಂತೆ, ಇಲ್ಲಿಯೂ ಎಲ್ಲರ ಪಾಲು ಸಮಪ್ರಮಾಣದಲ್ಲಿ ತಗ್ಗಬೇಕೆಂಬ ನಿರ್ಣಯಕ್ಕೆ ಬರಲಾಯಿತು. ಆಸ್ತಿಯನ್ನು ಏಳು ಭಾಗ ಮಾಡಿ ಪತಿಗೆ ಮೂರು, ಸಹೋದರಿಯರಿಗೆ ನಾಲ್ಕು ಭಾಗ ಕೊಡಲಾಯಿತು. ಇದಕ್ಕೆ 'ಔಲ್' ಎಂದು ಹೆಸರಾಯಿತು. ಬಳಿಕ ಇಬ್ನು ಅಬ್ಬಾಸ್(ರ) ಈ ವಿಷಯದಲ್ಲಿ ಭಿನ್ನ ಅಭಿಪ್ರಾಯ ವ್ಯಕ್ತಪಡಿಸಿದರು. ಬಹುಪಾಲು ವಿದ್ವಾಂಸರು ಉಮರ್(ರ) ಅವರ ನಿರ್ಣಯವನ್ನೇ ಅನುಸರಿಸಿದರು.

ಅಲಿ(ರ) ಅವರ ಹೆಸರಿನೊಂದಿಗೆ ಪ್ರಸಿದ್ಧವಾದ ಮತ್ತೊಂದು ಪ್ರಕರಣವಿದೆ. ಅವರು ಮಿಂಬರ್‌ನಲ್ಲಿ ನಿಂತಿದ್ದಾಗ ಈ ಪ್ರಶ್ನೆ ಬಂತೆಂಬ ಕಾರಣಕ್ಕೆ ಅದನ್ನು 'ಮಿಂಬರಿಯ್ಯ' ಎನ್ನುತ್ತಾರೆ. ಪತ್ನಿ, ಇಬ್ಬರು ಪುತ್ರಿಯರು, ತಂದೆ ಮತ್ತು ತಾಯಿ ವಾರೀಸುದಾರರು. ಆಸ್ತಿಯನ್ನು 24 ಭಾಗ ಮಾಡಿದರೆ ಪತ್ನಿಗೆ 3, ಪುತ್ರಿಯರಿಗೆ 16, ತಂದೆಗೆ 4, ತಾಯಿಗೆ 4, ಒಟ್ಟು 27. ಹೀಗಾಗಿ ಎಂಟನೇ ಒಂದು ಪಾಲಿನ ಪತ್ನಿಗೆ 27ರಲ್ಲಿ 3, ಅಂದರೆ ಒಂಬತ್ತನೇ ಒಂದು ಪಾಲು ಸಿಗುತ್ತದೆ. ಎಂಟನೇ ಒಂದು ಹೇಗೆ ಒಂಬತ್ತನೇ ಒಂದಾಯಿತು ಎಂಬ ಪ್ರಶ್ನೆಯನ್ನು ಏಳನೇ ತರಗತಿಯ ಮಗುವಿನ ಮುಂದಿಟ್ಟು ನೋಡಬಹುದು. ಭಿನ್ನರಾಶಿಯ ಪಾಠಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಸುಲಭವಾಗಿ ಸಿಗದು.

ಈ ಹಿನ್ನೆಲೆಯಲ್ಲಿಯೇ ಇಮಾಮ್ ಗಝಾಲಿ(ರ) ತಮ್ಮ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ವೈದ್ಯಶಾಸ್ತ್ರದ ಜೊತೆಗೆ ಅಂಕಗಣಿತವನ್ನೂ ಫರ್ಝ್ ಕಿಫಾಯ ಎಂದು ಪರಿಗಣಿಸಿದರು. ವ್ಯವಹಾರ, ವಸಿಯ್ಯತ್ ಮತ್ತು ವಾರೀಸು ಹಂಚಿಕೆಗೆ ಅದು ಅನಿವಾರ್ಯ. ಊರಿನಲ್ಲಿ ಅದನ್ನು ಬಲ್ಲವರು ಒಬ್ಬರೂ ಇಲ್ಲದಿದ್ದರೆ ಇಡೀ ಊರೇ ಸಂಕಷ್ಟಕ್ಕೆ ಸಿಲುಕುತ್ತದೆ ಎಂಬುದು ಅವರ ವಾದ.

ಖ್ವಾರಿಝ್ಮಿ ಎಳೆದ ಚೌಕ

ಅಬ್ಬಾಸೀ ಖಲೀಫಾ ಮಾಮೂನ್ (ಆಳ್ವಿಕೆ 813–833) ಕಾಲದ ಬಗ್ದಾದಿನಲ್ಲಿ, ಬೈತುಲ್ ಹಿಕ್ಮಾದ ವಿದ್ವಾಂಸರಲ್ಲಿ ಮುಹಮ್ಮದ್ ಇಬ್ನು ಮೂಸಾ ಅಲ್ ಖ್ವಾರಿಝ್ಮಿ ಒಬ್ಬರು. ಸುಮಾರು 820ರ ವೇಳೆಗೆ ಅವರು 'ಅಲ್ ಜಬ್ರ್ ವಲ್ ಮುಕಾಬಲ' ಎಂಬ ಗಣನಕ್ರಮದ ಕುರಿತು ಒಂದು ಸಂಕ್ಷಿಪ್ತ ಗ್ರಂಥ ಬರೆದರು. ಕಳೆದ ರಾಶಿಯನ್ನು ಸರಿದೂಗಿಸಿ ಪೂರ್ಣಗೊಳಿಸುವುದು ಜಬ್ರ್; ಎರಡೂ ಕಡೆಯ ಸಮಾನ ರಾಶಿಗಳನ್ನು ಹೊಂದಿಸಿ ತೆಗೆಯುವುದು ಮುಕಾಬಲ. ವಾರೀಸು, ವಸಿಯ್ಯತ್, ವ್ಯಾಪಾರ, ಭೂಮಿಯ ಅಳತೆ, ಕಾಲುವೆ ತೋಡುವುದು ಮುಂತಾದ ಜನರ ನಿತ್ಯದ ಅಗತ್ಯಗಳಿಗೆ ಉಪಯುಕ್ತವಾಗಲೆಂದು ಈ ಗ್ರಂಥವನ್ನು ಬರೆದುದಾಗಿ ಅವರು ಮುನ್ನುಡಿಯಲ್ಲಿ ತಿಳಿಸುತ್ತಾರೆ.

ಅದರಲ್ಲಿನ ಒಂದು ಪ್ರಸಿದ್ಧ ಲೆಕ್ಕವನ್ನು ನೋಡೋಣ. ಒಂದು ವರ್ಗಕ್ಕೆ ಅದರ ಮೂಲದ ಹತ್ತು ಪಟ್ಟನ್ನು ಸೇರಿಸಿದರೆ 39 ಆಗುತ್ತದೆ, ಹಾಗಾದರೆ ಮೂಲವೆಷ್ಟು? ಅವರ ನಿಯಮ ಹೀಗಿದೆ: ಹತ್ತರ ಅರ್ಧ ಐದು. ಅದರ ವರ್ಗ 25. ಅದನ್ನು 39ಕ್ಕೆ ಸೇರಿಸಿದರೆ 64. ಅದರ ಮೂಲ ಎಂಟು. ಎಂಟರಿಂದ ಐದನ್ನು ಕಳೆದರೆ ಮೂರು. ಉತ್ತರ ಬಂತು. ಇಂದಿನ ಎಷ್ಟೋ ತರಗತಿಗಳಲ್ಲಿ ಪಾಠ ಇಲ್ಲಿಗೆ ಮುಗಿಯುತ್ತದೆ.

ಖ್ವಾರಿಝ್ಮಿಯವರ ಪಾಠ ಇಲ್ಲಿಗೆ ಮುಗಿಯಲಿಲ್ಲ. ಹತ್ತರ ಅರ್ಧವನ್ನೇ ಏಕೆ ತೆಗೆದುಕೊಳ್ಳಬೇಕು, ಅದರ ವರ್ಗವನ್ನು ಏಕೆ ಸೇರಿಸಬೇಕು ಎಂಬುದನ್ನು ತೋರಿಸಲು ಅವರು ಚಿತ್ರ ಬರೆದರು. ಮೊದಲು ಒಂದು ಚೌಕವನ್ನು ಎಳೆಯಿರಿ. ಅದರ ಬದಿಯೇ ನಮಗೆ ತಿಳಿಯದ ಮೂಲ. ಮೂಲದ ಹತ್ತು ಪಟ್ಟನ್ನು ಐದರಂತೆ ಎರಡು ಭಾಗ ಮಾಡಿ, ಐದು ಅಳತೆಯ ಅಗಲವುಳ್ಳ ಎರಡು ಆಯತಗಳಾಗಿ ಚೌಕದ ಅಕ್ಕಪಕ್ಕದ ಎರಡು ಬದಿಗಳಿಗೆ ಅಂಟಿಸಿರಿ. ಈ ಇಡೀ ಆಕೃತಿಯ ವಿಸ್ತೀರ್ಣ 39. ಅದು ಬಹುತೇಕ ದೊಡ್ಡ ಚೌಕದಂತೆಯೇ ಕಾಣುತ್ತದೆ. ಆದರೆ ಒಂದು ಮೂಲೆ ಖಾಲಿ ಇದೆ. ಆ ಮೂಲೆಯ ಅಳತೆ ಐದಕ್ಕೆ ಐದು, ಅಂದರೆ 25. ಅದನ್ನು ತುಂಬಿದರೆ 64 ವಿಸ್ತೀರ್ಣದ ಪೂರ್ಣ ಚೌಕ ಸಿಗುತ್ತದೆ. ಅದರ ಬದಿ ಎಂಟು. ಸೇರಿಸಿದ ಐದನ್ನು ಕಳೆದರೆ ಮೂಲ ಮೂರು. ನಿಯಮದ ಪ್ರತಿಯೊಂದು ಹೆಜ್ಜೆಯೂ ಈಗ ಕಣ್ಣಿಗೆ ಕಾಣುತ್ತದೆ.

ಗಮನಾರ್ಹವಾದ ಸಂಗತಿಯೆಂದರೆ, ಇದೇ ಲೆಕ್ಕಕ್ಕೆ ಅವರು ಇನ್ನೊಂದು ಚಿತ್ರವನ್ನೂ ಕೊಟ್ಟಿದ್ದಾರೆ. ಅದರಲ್ಲಿ ಎರಡೂವರೆ ಅಗಲದ ನಾಲ್ಕು ಆಯತಗಳು ಚೌಕದ ನಾಲ್ಕೂ ಬದಿಗಳಿಗೆ ಅಂಟಿವೆ. ನಾಲ್ಕು ಮೂಲೆಗಳಲ್ಲಿ ಆರೂಕಾಲರಂತೆ ಒಟ್ಟು 25 ಖಾಲಿ ಇದೆ. ಉತ್ತರ ಪಡೆಯಲು ಒಂದು ಚಿತ್ರ ಸಾಕಾಗಿತ್ತು. ಒಂದೇ ಸತ್ಯಕ್ಕೆ ಎರಡು ದಾರಿಗಳಿವೆ ಎಂಬುದನ್ನು ಕಾಣುವ ವಿದ್ಯಾರ್ಥಿಯು ಮೂರನೆಯ ದಾರಿಯನ್ನು ತಾನೇ ಹುಡುಕಲು ಹೊರಡುತ್ತಾನೆ.

ಈ ಗ್ರಂಥದ ಗಣನೀಯ ಭಾಗವು ವಸಿಯ್ಯತ್ ಮತ್ತು ವಾರೀಸಿನ ಲೆಕ್ಕಗಳಿಗೇ ಮೀಸಲಾಗಿದೆ. ಅವುಗಳಲ್ಲಿ ಒಂದು: ಒಬ್ಬಾತ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಮೃತನಾದ. ಆಸ್ತಿಯ ಮೂರನೇ ಒಂದನ್ನು ಹೊರಗಿನ ಒಬ್ಬ ವ್ಯಕ್ತಿಗೆ ವಸಿಯ್ಯತ್ ಮಾಡಿದ್ದ. ನಗದಾಗಿ ಇರುವುದು ಹತ್ತು ದಿರ್ಹಮ್; ಇನ್ನು ಹತ್ತು ದಿರ್ಹಮ್ ಒಬ್ಬ ಮಗನೇ ತಂದೆಗೆ ಕೊಡಬೇಕಾದ ಸಾಲ. ಅವಸರದಿಂದ ಲೆಕ್ಕ ಮಾಡುವವರು ಒಟ್ಟು ಇಪ್ಪತ್ತು ಎಂದುಕೊಂಡು ಮೂವರಿಗೂ ಆರು ಪೂರ್ಣಾಂಕ ಮೂರನೇ ಎರಡರಂತೆ ಹಂಚುತ್ತಾರೆ. ಆದರೆ ಸಾಲವಿಲ್ಲದ ಮಗನಿಗೂ ಹೊರಗಿನವನಿಗೂ ಅಷ್ಟು ನಗದು ಕೊಡಬೇಕಾದರೆ ಹದಿಮೂರು ದಿರ್ಹಮ್‌ಗೂ ಹೆಚ್ಚು ಬೇಕು, ಪೆಟ್ಟಿಗೆಯಲ್ಲಿರುವುದು ಹತ್ತೇ! ಖ್ವಾರಿಝ್ಮಿಯವರು ಸಾಲದಲ್ಲಿ ಆ ಮಗನ ಪಾಲಿಗೆ ಸಲ್ಲುವಷ್ಟನ್ನು ಮಾತ್ರ ಆಸ್ತಿಗೆ ಸೇರಿಸಿ, ತಿಳಿಯದ ಆ ಮೊತ್ತವನ್ನು 'ವಸ್ತು' ಎಂದು ಕರೆದರು. ಹತ್ತು ಮತ್ತು ಒಂದು ವಸ್ತು ಸೇರಿ ಒಟ್ಟು ಆಸ್ತಿ. ಅದರ ಮೂರನೇ ಒಂದು ಹೊರಗಿನವನಿಗೆ ಹೋದ ಮೇಲೆ ಉಳಿದುದರ ಅರ್ಧವೇ ಒಬ್ಬ ಮಗನ ಪಾಲು, ಅದೇ ಆ ವಸ್ತು. ಹೀಗೆ ವಸ್ತುವಿನ ಬೆಲೆ ಐದು. ಒಟ್ಟು ಹದಿನೈದು, ಮೂವರಿಗೂ ಐದೈದು. ಹೊರಗಿನವನಿಗೆ ಐದು, ಸಾಲವಿಲ್ಲದ ಮಗನಿಗೆ ಐದು ನಗದಾಗಿ ಸಿಗುತ್ತವೆ; ಸಾಲದ ಮಗನ ಪಾಲು ಸಾಲದಲ್ಲೇ ವಜಾ ಆಗುತ್ತದೆ. ಸೂತ್ರವನ್ನು ಮಾತ್ರ ನಂಬಿದವನು ಇಲ್ಲಿ ಒಬ್ಬರ ಹಕ್ಕನ್ನು ಕಸಿಯುತ್ತಾನೆ. ಯೋಚಿಸುವವನು ಮಾತ್ರ ನ್ಯಾಯ ಮಾಡಬಲ್ಲನು.

ಒಂದೇ ಉತ್ತರವಿಲ್ಲದ ಲೆಕ್ಕಗಳು

ಖ್ವಾರಿಝ್ಮಿಯವರ ಬಳಿಕದ ತಲೆಮಾರಿನಲ್ಲಿ ಈಜಿಪ್ಟಿನ ಅಬೂ ಕಾಮಿಲ್ ಪ್ರಸಿದ್ಧರಾದರು. ಅವರ ಒಂದು ಚಿಕ್ಕ ಕೃತಿಯು ಹಕ್ಕಿಗಳ ಲೆಕ್ಕಗಳಿಗೆ ಸಂಬಂಧಿಸಿದ್ದು. ಬಾತುಕೋಳಿ ಒಂದಕ್ಕೆ ಐದು ದಿರ್ಹಮ್, ಕೋಳಿ ಒಂದಕ್ಕೆ ಒಂದು ದಿರ್ಹಮ್, ಗುಬ್ಬಿಗಳು ದಿರ್ಹಮ್‌ಗೆ ಇಪ್ಪತ್ತು. ನೂರು ದಿರ್ಹಮ್‌ಗೆ ಮೂರೂ ಬಗೆಯ ಒಟ್ಟು ನೂರು ಹಕ್ಕಿಗಳನ್ನು ಕೊಳ್ಳಬೇಕು. ಹೇಗೆ?

ಸೂತ್ರವಿಲ್ಲದೆಯೂ ಇದನ್ನು ಯೋಚಿಸಬಹುದು. ನೂರೂ ಕೋಳಿಗಳೇ ಆಗಿದ್ದರೆ ಬೆಲೆ ಸರಿಯಾಗಿ ನೂರು. ಒಂದು ಕೋಳಿಯ ಬದಲು ಬಾತುಕೋಳಿ ತಂದರೆ ನಾಲ್ಕು ದಿರ್ಹಮ್ ಹೆಚ್ಚು ಖರ್ಚು. ಇಪ್ಪತ್ತು ಕೋಳಿಗಳ ಬದಲು ಇಪ್ಪತ್ತು ಗುಬ್ಬಿಗಳನ್ನು ತಂದರೆ ಹತ್ತೊಂಬತ್ತು ದಿರ್ಹಮ್ ಉಳಿತಾಯ. ಖರ್ಚು ಮತ್ತು ಉಳಿತಾಯ ಸಮನಾಗಬೇಕು. ಎಂಬತ್ತು ಗುಬ್ಬಿಗಳಿಂದ 76 ದಿರ್ಹಮ್ ಉಳಿಯುತ್ತದೆ. ಹತ್ತೊಂಬತ್ತು ಬಾತುಕೋಳಿಗಳಿಂದ 76 ದಿರ್ಹಮ್ ಹೆಚ್ಚಾಗುತ್ತದೆ. ಉಳಿದುದು ಒಂದು ಕೋಳಿ. ಈ ಲೆಕ್ಕಕ್ಕೆ ಇದೊಂದೇ ಉತ್ತರ.

ಆದರೆ ಹಕ್ಕಿಗಳ ಬಗೆ ಮತ್ತು ಬೆಲೆಗಳನ್ನು ಬದಲಿಸಿದಾಗ ಅಬೂ ಕಾಮಿಲ್ ಕಂಡುದು ಬೇರೆಯೇ ಜಗತ್ತು. ಒಂದು ಲೆಕ್ಕಕ್ಕೆ ಉತ್ತರವೇ ಇಲ್ಲ. ಇನ್ನೊಂದಕ್ಕೆ ಅವರು ಎಣಿಸಿದ ಉತ್ತರಗಳು 2676! ಇಂಥ ಲೆಕ್ಕಗಳು ಪಂಡಿತರಲ್ಲೂ ಸಾಮಾನ್ಯರಲ್ಲೂ ಬಳಕೆಯಲ್ಲಿದ್ದು, ಜನರು ಯಾವ ಆಧಾರವೂ ಇಲ್ಲದೆ ಊಹೆಯಿಂದ ಉತ್ತರ ಹೇಳುತ್ತಿದ್ದುದರಿಂದ ಈ ಕೃತಿಯನ್ನು ಬರೆಯಬೇಕಾಯಿತೆಂಬುದು ಅವರ ಮುನ್ನುಡಿಯ ಸಾರಾಂಶ. ಪ್ರತಿ ಲೆಕ್ಕಕ್ಕೂ ಪುಸ್ತಕದ ಕೊನೆಯಲ್ಲಿ ಒಂದೇ ಉತ್ತರವಿರುತ್ತದೆ ಎಂದು ನಂಬಿ ಬೆಳೆಯುವ ಮಗುವಿಗೆ, ಉತ್ತರವಿಲ್ಲದ ಲೆಕ್ಕವೂ ನೂರಾರು ಉತ್ತರಗಳಿರುವ ಲೆಕ್ಕವೂ ಇದೆ ಎಂಬ ಅರಿವು ಮೂಡಿದ ಕ್ಷಣದಿಂದ ಗಣಿತದ ರೂಪವೇ ಬದಲಾಗುತ್ತದೆ.

ತಪ್ಪಿನಿಂದಲೂ ಪಾಠ

ಅಬುಲ್ ವಫಾ ಅಲ್ ಬೂಝ್‌ಜಾನಿ (940–998) ಬಗ್ದಾದಿನ ಮಹಾನ್ ಗಣಿತಜ್ಞರು. ಅವರು ಕುಶಲಕರ್ಮಿಗಳಿಗಾಗಿ ರೇಖಾಗಣಿತದ ಗ್ರಂಥವೊಂದನ್ನು ಬರೆದರು. ಕುಶಲಕರ್ಮಿಗಳೂ ಗಣಿತಜ್ಞರೂ ಒಟ್ಟಿಗೆ ಕುಳಿತು ಚರ್ಚಿಸಿದ ಒಂದು ಪ್ರಶ್ನೆಯನ್ನು ಅವರು ಅಲ್ಲಿ ವಿವರಿಸುತ್ತಾರೆ: ಸಮಾನ ಅಳತೆಯ ಮೂರು ಚೌಕಗಳನ್ನು ಕತ್ತರಿಸಿ ಜೋಡಿಸಿ ಒಂದೇ ದೊಡ್ಡ ಚೌಕ ಮಾಡುವುದು ಹೇಗೆ? ಕುಶಲಕರ್ಮಿಗಳ ಬಳಿ ಕೆಲವು ವಿಧಾನಗಳಿದ್ದವು. ಅವು ಕಣ್ಣಿಗೆ ಸರಿಯಾಗಿ ಕಂಡರೂ ಅಳತೆಯಲ್ಲಿ ತಪ್ಪಾಗಿದ್ದವು. ಗಣಿತಜ್ಞರಿಗೆ ದೊಡ್ಡ ಚೌಕದ ಬದಿ ಎಷ್ಟಿರಬೇಕೆಂಬುದು ತಿಳಿದಿತ್ತು. ಆದರೆ ಕತ್ತರಿಸಿ ಜೋಡಿಸುವ ಬಗೆ ತಿಳಿದಿರಲಿಲ್ಲ.

ಅಬುಲ್ ವಫಾ ಆ ತಪ್ಪು ವಿಧಾನಗಳನ್ನು ಮುಚ್ಚಿಡಲಿಲ್ಲ. ಅವುಗಳನ್ನು ಗ್ರಂಥದಲ್ಲಿಯೇ ತೋರಿಸಿ, ಎಲ್ಲಿ ಮತ್ತು ಏಕೆ ತಪ್ಪಾಯಿತೆಂದು ವಿವರಿಸಿ, ಬಳಿಕವೇ ಸರಿಯಾದುದನ್ನು ಕೊಟ್ಟರು. ಅವರ ಪರಿಹಾರದಲ್ಲಿ ಎರಡು ಚೌಕಗಳನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ನಾಲ್ಕು ತ್ರಿಕೋನಗಳನ್ನು ಮಾಡಿ, ಮೂರನೆಯ ಚೌಕದ ನಾಲ್ಕು ಬದಿಗಳ ಸುತ್ತ ಗಾಳಿಪಂಕದಂತೆ ಜೋಡಿಸಲಾಗುತ್ತದೆ. ಪ್ರತಿ ತ್ರಿಕೋನದ ಉದ್ದನೆಯ ಬದಿಯು ಚೌಕದ ಬದಿಗೆ ತಾಗಿ, ಒಂದು ತುದಿಯಲ್ಲಿ ಸ್ವಲ್ಪ ಹೊರಚಾಚಿರುತ್ತದೆ. ಹೊರಗಿನ ನಾಲ್ಕು ತುದಿಗಳನ್ನು ಗೆರೆಯಿಂದ ಸೇರಿಸಿ, ಗೆರೆಯ ಹೊರಗುಳಿದ ತುಂಡುಗಳನ್ನು ಕತ್ತರಿಸಿ ಒಳಗಿನ ಖಾಲಿ ಜಾಗಗಳಿಗೆ ಇಟ್ಟರೆ ಪೂರ್ಣ ಚೌಕ ಸಿದ್ಧ. ಕಾಗದ ಮತ್ತು ಕತ್ತರಿ ಇದ್ದರೆ ಯಾವ ಮನೆಯಲ್ಲಿಯೂ ಮಕ್ಕಳು ಇದನ್ನು ಮಾಡಿ ನೋಡಬಹುದು.

ಶೋಧಿಸುವ ಶಕ್ತಿಯನ್ನು ಕಲಿಸಬಹುದೇ?

ಇದೇ ಬಗ್ದಾದಿನಲ್ಲಿ ಒಂಬತ್ತನೇ ಶತಮಾನದಲ್ಲಿ ಸಾಬಿತ್ ಇಬ್ನು ಕುರ್ರಾ ಎಂಬ ವಿದ್ವಾಂಸರಿದ್ದರು. ಅವರು ಹರ್ರಾನಿನ ಸಾಬಿ ಸಮುದಾಯಕ್ಕೆ ಸೇರಿದವರು. ಅಂದಿನ ಜ್ಞಾನಕೂಟಗಳಲ್ಲಿ ವಿವಿಧ ಧರ್ಮದವರು ಜೊತೆಯಾಗಿ ದುಡಿಯುತ್ತಿದ್ದರು. ಲಂಬಕೋನ ತ್ರಿಕೋನದ ಪ್ರಸಿದ್ಧ ಪ್ರಮೇಯಕ್ಕೆ ಸಾಕ್ರಟೀಸನ ಹೆಸರಿನಲ್ಲಿ ಬಂದ ವಿವರಣೆಯು ಎರಡು ಬದಿ ಸಮನಾಗಿರುವ ತ್ರಿಕೋನಕ್ಕೆ ಮಾತ್ರ ಅನ್ವಯಿಸುತ್ತದೆಂದು ಸ್ನೇಹಿತರೊಬ್ಬರು ಅತೃಪ್ತಿ ವ್ಯಕ್ತಪಡಿಸಿದಾಗ, ಸಾಬಿತ್ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಪತ್ರವೊಂದನ್ನು ಬರೆದು ಎಲ್ಲ ಲಂಬಕೋನ ತ್ರಿಕೋನಗಳಿಗೂ ಸಲ್ಲುವ ಸಾಧನೆಯನ್ನು ತೋರಿಸಿ, ಇನ್ನೂ ಮುಂದೆ ಹೋಗಿ ಲಂಬಕೋನವಿಲ್ಲದ ತ್ರಿಕೋನಗಳಿಗೂ ಆ ಪ್ರಮೇಯವನ್ನು ವಿಸ್ತರಿಸಿದರು. ಒಂದು ಒಳ್ಳೆಯ ಪ್ರಶ್ನೆಯನ್ನು ಗೌರವಿಸಿದುದರಿಂದ ಹೊಸ ಜ್ಞಾನ ಹುಟ್ಟಿತು.

ಅವರ ಮೊಮ್ಮಗ ಇಬ್ರಾಹೀಮ್ ಇಬ್ನು ಸಿನಾನ್ (908–946) ವಿದ್ಯಾರ್ಥಿಗಳಿಗಾಗಿ ಸಮಸ್ಯೆ ಬಿಡಿಸುವ ವಿಧಾನದ ಬಗ್ಗೆಯೇ ಒಂದು ಗ್ರಂಥ ಬರೆದರು. ಲೆಕ್ಕ ಕೈಗೆ ಬಂದೊಡನೆ ಬಿಡಿಸಲು ಹೊರಡದೆ, ಅದು ಯಾವ ಬಗೆಯದೆಂದು ಮೊದಲು ಯೋಚಿಸಬೇಕು. ಪರಿಹಾರ ಇರುವುದೇ, ಅಸಾಧ್ಯವಾದುದೇ, ಯಾವುದಾದರೂ ಷರತ್ತಿನಡಿ ಮಾತ್ರ ಸಾಧ್ಯವೇ, ಅಥವಾ ಅನೇಕ ಪರಿಹಾರಗಳಿರುವುದೇ ಎಂದು ಅವರು ಸಮಸ್ಯೆಗಳನ್ನು ವಿಂಗಡಿಸಿದರು.

ಹತ್ತನೇ ಶತಮಾನದ ಉತ್ತರಾರ್ಧದಲ್ಲಿ ಸಿಜಿಸ್ತಾನದ ಅಲ್ ಸಿಜ್‌ಝಿ ರೇಖಾಗಣಿತದಲ್ಲಿ ಹೊಸತನ್ನು ಕಂಡುಹಿಡಿಯುವ ದಾರಿಗಳನ್ನು ಸುಲಭಗೊಳಿಸುವ ಒಂದು ಪುಸ್ತಕ ಬರೆದರು. ಶೋಧನೆಯ ಶಕ್ತಿ ಕೇವಲ ಹುಟ್ಟಿನಿಂದ ಬರುವುದು, ಅದನ್ನು ಕಲಿಯಲು ಸಾಧ್ಯವೇ ಇಲ್ಲ ಎಂಬ ಅಭಿಪ್ರಾಯ ಆಗಲೂ ಇತ್ತು. ಅಲ್ ಸಿಜ್‌ಝಿ ಅದನ್ನು ಒಪ್ಪಲಿಲ್ಲ. ಸಹಜ ಪ್ರತಿಭೆಯ ಬೆಲೆಯನ್ನು ಅಲ್ಲಗಳೆಯದೆ, ಕ್ರಮಬದ್ಧ ಕಲಿಕೆ ಮತ್ತು ಅಭ್ಯಾಸದಿಂದಲೂ ಈ ಶಕ್ತಿ ಬೆಳೆಯುತ್ತದೆಂದು ತೋರಿಸಿದರು. "ನಮ್ಮ ಮಗುವಿಗೆ ಗಣಿತ ಬರುವುದಿಲ್ಲ" ಎಂದು ಮಗುವಿನ ಎದುರಿನಲ್ಲೇ ಹೇಳುವ ತಂದೆತಾಯಿಯರಿಗೆ ಸಾವಿರ ವರ್ಷಗಳ ಹಿಂದೆಯೇ ಸಿಕ್ಕ ಉತ್ತರವಿದು.

ಹೆಣ್ಣುಮಕ್ಕಳ ಶಿಕ್ಷಣದ ಕುರಿತು ಮಾತನಾಡುವಾಗ ಅಲ್ ಬಿರೂನಿಯವರನ್ನು ನೆನೆಯಲೇಬೇಕು. 1029ರಲ್ಲಿ ಅವರು ಬರೆದ 'ತಫ್ಹೀಮ್' ಗ್ರಂಥವು ರೈಹಾನ ಬಿಂತ್ ಅಲ್ ಹಸನ್ ಎಂಬ ಮಹಿಳೆಗಾಗಿ ರಚಿತವಾದುದು. ಅದು ಪ್ರಶ್ನೋತ್ತರ ರೂಪದಲ್ಲಿದೆ. ರೇಖಾಗಣಿತದಿಂದ ಆರಂಭಿಸಿ, ಅಂಕಗಣಿತದ ಮೂಲಕ ಖಗೋಳಕ್ಕೆ ಅದು ಹೆಜ್ಜೆ ಹೆಜ್ಜೆಯಾಗಿ ಸಾಗುತ್ತದೆ. ಪ್ರಶ್ನೆಯು ಮೊದಲು ಬರುತ್ತದೆ. ಉತ್ತರವು ಅದರ ಹಿಂದೆ ಬರುತ್ತದೆ.

ನಮ್ಮ ನಾಡಿನ ಕೊಂಡಿ

ಈ ಪರಂಪರೆ ನಮ್ಮ ನಾಡಿಗೆ ಪರಕೀಯವಲ್ಲ. ಖ್ವಾರಿಝ್ಮಿಯವರು ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮದ ಕುರಿತೂ ಪುಸ್ತಕ ಬರೆದರು. ಅದರ ಲ್ಯಾಟಿನ್ ಅನುವಾದಗಳ ಮೂಲಕ ಯುರೋಪು ಆ ಕ್ರಮವನ್ನು ಕಲಿಯಿತು. ಬಗ್ದಾದಿನಲ್ಲಿ ಖ್ವಾರಿಝ್ಮಿಯವರು ಬರೆಯುತ್ತಿದ್ದ ಅದೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಆಶ್ರಯದಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ ಲೆಕ್ಕಗಳು ಕಥೆಯಂತೆ, ಒಬ್ಬರನ್ನು ಕರೆದು ಕೇಳುವ ಪ್ರಶ್ನೆಗಳಂತೆ ಬರುತ್ತವೆ. ಅಕ್ಬರನ ಆಸ್ಥಾನದ ಕವಿ ಫೈಝಿ 1587ರಲ್ಲಿ ಅದನ್ನು ಪಾರ್ಸಿಗೆ ತಂದರು. ಶಾಹಜಹಾನನ ಕಾಲದಲ್ಲಿ, ತಾಜ್‌ಮಹಲಿನ ಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿಯವರ ಪುತ್ರ ಅತಾಉಲ್ಲಾ ರಶೀದಿ ಭಾಸ್ಕರರ 'ಬೀಜಗಣಿತ'ವನ್ನು ಪಾರ್ಸಿಗೆ ಅನುವಾದಿಸಿದರು. ಜ್ಞಾನವು ಯಾರಿಂದ ಬಂದರೂ ಕಲಿಯಬೇಕೆಂಬ ಮನೋಭಾವವೇ ಈ ಕೊಡುಕೊಳ್ಳುವಿಕೆಯ ಮೂಲವಾಗಿತ್ತು.

ಪರದೆ ಸರಿಸಿದ ಗುರು

ಬಾಯಿಪಾಠದ ಸಮಸ್ಯೆ ಆ ಕಾಲಕ್ಕೂ ಅಪರಿಚಿತವಾಗಿರಲಿಲ್ಲ. ಮೊರಾಕ್ಕೋದ ಮರ್ರಾಕೆಶ್ ನಗರದ ಇಬ್ನುಲ್ ಬನ್ನಾ (1256–1321) ಅಂಕಗಣಿತದ ನಿಯಮಗಳನ್ನು ಅತ್ಯಂತ ಚಿಕ್ಕದಾಗಿ ಸಂಗ್ರಹಿಸಿ 'ತಲ್ಖೀಸ್' ಬರೆದರು. ನೆನಪಿಡಲು ಅನುಕೂಲವಾದುದರಿಂದ ಅದು ವ್ಯಾಪಕವಾಗಿ ಹರಡಿತು. ಆದರೆ ಅದರಲ್ಲಿ ನಿಯಮಗಳಿದ್ದವು, ಕಾರಣಗಳಿರಲಿಲ್ಲ. ಆದ್ದರಿಂದ ಅವರೇ ಮತ್ತೊಂದು ಗ್ರಂಥವನ್ನು ಬರೆದು ಅದಕ್ಕೆ 'ರಫ್‌ಉಲ್ ಹಿಜಾಬ್', ಅಂದರೆ ಪರದೆಯನ್ನು ಸರಿಸುವುದು ಎಂಬ ಹೆಸರಿಟ್ಟರು. ಲೆಕ್ಕದ ಕ್ರಮಗಳ ಹಿಂದಿರುವ ಕಾರಣಗಳನ್ನು ತೋರಿಸುವುದೇ ಅದರ ಉದ್ದೇಶ. ಕಂಠಪಾಠವನ್ನು ಅವರು ತಿರಸ್ಕರಿಸಲಿಲ್ಲ. ಅಷ್ಟಕ್ಕೇ ನಿಲ್ಲಬಾರದೆಂದು ತಿಳಿದಿದ್ದರು.

ಅವರ ಗ್ರಂಥಗಳನ್ನು ಬಲ್ಲ ಇಬ್ನು ಖಲ್ದೂನ್ (1332–1406) ತಮ್ಮ 'ಮುಕದ್ದಿಮ'ದಲ್ಲಿ ಈ ವಿಷಯವನ್ನು ನೇರವಾಗಿ ಚರ್ಚಿಸಿದರು. ಮಗ್ರಿಬ್‌ನ ಮದ್ರಸಗಳಲ್ಲಿ ಹದಿನಾರು ವರ್ಷ ಕಳೆದರೂ ವಿದ್ಯಾರ್ಥಿಗಳು ತುಟಿ ಬಿಚ್ಚದೆ ಕುಳಿತು ಕಂಠಪಾಠಕ್ಕೇ ಗಮನ ಕೊಡುತ್ತಾರೆ. ಆದ್ದರಿಂದ ವಿಷಯವನ್ನು ಚರ್ಚಿಸುವ ಸಾಮರ್ಥ್ಯ ಅವರಲ್ಲಿ ಬೆಳೆಯುವುದಿಲ್ಲ ಎಂದು ಅವರು ಕೊರಗಿದರು. ನಾಲಿಗೆ ಬಿಚ್ಚಿ ಮಾತನಾಡುವುದು, ವಾದಿಸುವುದು ಈ ಸಾಮರ್ಥ್ಯಕ್ಕೆ ಅತಿ ಹತ್ತಿರದ ದಾರಿ ಎಂಬುದು ಅವರ ನಿಲುವು. ಪಾಠವು ಹಂತ ಹಂತವಾಗಿ, ವಿದ್ಯಾರ್ಥಿಯ ಗ್ರಹಿಕೆಗೆ ತಕ್ಕಂತೆ ಸಾಗಬೇಕೆಂದೂ ಅವರು ಹೇಳಿದರು. ಮಕ್ಕಳ ಕಲಿಕೆಯನ್ನು ಅಂಕಗಣಿತದಿಂದ ಆರಂಭಿಸುವುದು ಉತ್ತಮ, ಏಕೆಂದರೆ ಅದರ ಸ್ಪಷ್ಟ ಸಾಧನೆಗಳು ಬುದ್ಧಿಯನ್ನು ಸರಿಯಾದ ವಿಚಾರಕ್ಕೆ ಪಳಗಿಸುತ್ತವೆ ಎಂಬ ಅಭಿಪ್ರಾಯವನ್ನೂ ದಾಖಲಿಸಿದರು. ಮುಸ್ಲಿಮ್ ಜಗತ್ತಿನ ವೈಜ್ಞಾನಿಕ ಹಿನ್ನಡೆಗೆ ಯುದ್ಧ, ರಾಜಕೀಯ, ಆರ್ಥಿಕತೆ ಮೊದಲಾದ ಹಲವು ಕಾರಣಗಳಿವೆ. ಆದರೆ ಪರದೆ ಸರಿಸುವ ಗುರುಗಳು ಕಡಿಮೆಯಾಗಿ, ಸಂಗ್ರಹಗಳನ್ನು ಒಪ್ಪಿಸುವ ಶಿಷ್ಯರಷ್ಟೇ ಉಳಿದ ಕಡೆ ವಿದ್ಯೆ ಬೆಳೆಯುವುದಿಲ್ಲ ಎಂಬುದನ್ನು ತಿಳಿಯಲು ಇಬ್ನು ಖಲ್ದೂನರ ಕೊರಗು ಸಾಕು.

ನಮ್ಮ ಕರ್ತವ್ಯ

ಹೀಗಿರುವಾಗ ನಾವೇನು ಮಾಡಬಹುದು? ಇದಕ್ಕೆ ದೊಡ್ಡ ಸಂಸ್ಥೆಗಳಾಗಲಿ ದುಬಾರಿ ಉಪಕರಣಗಳಾಗಲಿ ಬೇಕಿಲ್ಲ. ಮಗು ಲೆಕ್ಕದ ಉತ್ತರ ತಂದಾಗ ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಮೊದಲು "ಇದನ್ನು ಹೇಗೆ ಕಂಡುಕೊಂಡೆ?" ಎಂದು ಕೇಳೋಣ. ಉತ್ತರ ಸರಿಯಿದ್ದರೆ ಇನ್ನೊಂದು ದಾರಿಯಿದೆಯೇ ಎಂದು ಹುಡುಕಲು ಹೇಳೋಣ. ತಪ್ಪಿದ್ದರೆ ಅಬುಲ್ ವಫಾ ಮಾಡಿದಂತೆ ತಪ್ಪನ್ನು ಅಳಿಸದೆ, ಯಾವ ಹೆಜ್ಜೆಯಲ್ಲಿ ದಾರಿ ತಪ್ಪಿತೆಂದು ಜೊತೆಗೆ ಕುಳಿತು ನೋಡೋಣ. ನಮಗೇ ಉತ್ತರ ತಿಳಿಯದಿದ್ದರೆ ಮಗುವಿನೊಂದಿಗೆ ಕಲಿಯುವುದರಲ್ಲಿ ಅವಮಾನವೇನೂ ಇಲ್ಲ.

ಮದ್ರಸದಲ್ಲಿ ವಾರೀಸಿನ ಪಾಠ ಬಂದಾಗ ಉಸ್ತಾದರು ಪಾಲುಗಳ ಪಟ್ಟಿಯ ಜೊತೆಗೆ ಒಂದು ಲೆಕ್ಕವನ್ನೂ ಮಕ್ಕಳಿಗೆ ಕೊಡಬಹುದು. ಪತ್ನಿ, ಒಬ್ಬ ಮಗ, ಒಬ್ಬ ಮಗಳು ಇರುವಲ್ಲಿ ಆಸ್ತಿಯನ್ನು 24 ಭಾಗ ಮಾಡಿದರೆ ಪತ್ನಿಗೆ 3, ಮಗನಿಗೆ 14, ಮಗಳಿಗೆ 7. ಎಂಟು ಭಾಗ ಮಾಡಿದರೆ ಏಕೆ ಸಾಲದು, 24 ಎಲ್ಲಿಂದ ಬಂತು ಎಂದು ಮಕ್ಕಳೇ ಕಂಡುಹಿಡಿಯಲಿ. ಝಕಾತಿನ ನಲವತ್ತನೇ ಒಂದು ಭಾಗವನ್ನು ಕ್ಯಾಲ್ಕುಲೇಟರಿಗೆ ಬಿಡದೆ, ಹತ್ತನೇ ಒಂದರ ಅರ್ಧ, ಮತ್ತೆ ಅದರ ಅರ್ಧ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಲಿ: 80,000ಕ್ಕೆ 8,000, ಅದರ ಅರ್ಧ 4,000, ಮತ್ತೆ ಅರ್ಧ 2,000. ಹೀಗೆ ಮಾಡಿದರೆ ಏಕೆ ಸರಿಬರುತ್ತದೆಂದೂ ಅವರೇ ಹೇಳಲಿ. ಶಾಲೆಯ ಗಣಿತವೂ ಮದ್ರಸದ ಪಾಠವೂ ಬೇರೆ ಬೇರೆ ಲೋಕಗಳಲ್ಲ ಎಂಬುದು ಆಗ ಅವರಿಗೆ ತಾನಾಗಿಯೇ ಅರ್ಥವಾಗುತ್ತದೆ.

ವಾರೀಸಿನಲ್ಲಿ ಸೋದರಿಯ ಪಾಲನ್ನು ತಪ್ಪಿಸಿದಾಗ, ಬಡ್ಡಿಯ ಜಾಲದಲ್ಲಿ ಕುಟುಂಬವೊಂದು ಸಿಲುಕಿದಾಗ, ಅತಿ ಲಾಭದ ಆಮಿಷ ತೋರಿ ಜನರ ಉಳಿತಾಯವನ್ನು ದೋಚಿದಾಗ, ಲೆಕ್ಕವನ್ನು ಪ್ರಶ್ನಿಸಬಲ್ಲವರ ಅಗತ್ಯ ಸಮುದಾಯಕ್ಕೆ ತಿಳಿಯುತ್ತದೆ. ಅಂಥವರು ಏಕೆ ಎಂದು ಕೇಳಲು ಅವಕಾಶವಿದ್ದ ಮನೆಗಳಿಂದಲೇ ಬರುತ್ತಾರೆ. ನಮ್ಮ ಮಕ್ಕಳ ಪ್ರಶ್ನೆಗಳನ್ನು ತಾಳ್ಮೆಯಿಂದ ಆಲಿಸುವ ಮನಸ್ಸನ್ನೂ, ಅವರೊಂದಿಗೆ ಚಿಂತಿಸುವ ವಿವೇಕವನ್ನೂ ಅಲ್ಲಾಹನು ನಮ್ಮೆಲ್ಲರಿಗೆ ಕರುಣಿಸಲಿ.